ಇಬ್ಬನಿ ಹೆಪ್ಪುಗಟ್ಟಿ ಲಿಲ್ಲಿ ಬಾಡಿದೆ, ಏನು ಮಾಡಲಿ?

ಪ್ರಶ್ನೆ (ಕೋಥ್ರೂಡ್, ಪುಣೆ): ಮಹಾಬಳೇಶ್ವರದ ವೆಣ್ಣಾ ಕೆರೆ ಹತ್ತಿರ ಅಕ್ಕನ ತೋಟದಲ್ಲಿ ಲಿಲ್ಲಿ ಗಡ್ಡೆ ನೆಟ್ಟಿದ್ದೆ, ಗೇಣುದ್ದ ಬಂದಿತ್ತು. ಮೊನ್ನೆ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ, ಎರಡು ಗಿಡದ ತುದಿ ಬೇಯಿಸಿದ ಪಾಲಕ್ ಹಾಗೆ ಜೋತುಬಿದ್ದಿದೆ. ತುಂಬಾ ಬೇಜಾರಾಗಿದೆ. ಕಿತ್ತುಹಾಕಲಾ?

ಉತ್ತರ (ಪಿಂಪ್ರಿ): ಕೀಳಬೇಡಿ! ಲಿಲ್ಲಿಯ ಒಂದು ಕಾಂಡಕ್ಕೆ ಒಂದೇ ಸುಳಿ, ಅದು ಸತ್ತರೆ ಆ ಕಾಂಡದಲ್ಲಿ ಈ ವರ್ಷ ಹೂವಿಲ್ಲ, ಆದರೆ ಮಣ್ಣೊಳಗಿನ ಗಡ್ಡೆ ಸಾಮಾನ್ಯವಾಗಿ ಉಳಿಯುತ್ತದೆ. ಹಸಿರೆಲೆ ಇದ್ದರೆ ಬಿಡಿ, ಗಡ್ಡೆಗೆ ಅದೇ ಊಟ.

ಉತ್ತರ (ಔಂಧ್): ಉಳಿದ ಗಿಡಗಳಿಗೆ ಸಂಜೆ ಬಿಸಿಲು ಇಳಿಯುವ ಮೊದಲೇ ಕೋಲು ನೆಟ್ಟು, ಹಳೇ ಸೀರೆಯನ್ನು ನೆಲ ಮುಟ್ಟುವ ಹಾಗೆ ಹೊದಿಸಿ, ನೆಲದ ಶಾಖ ಒಳಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ಆದರೆ ಎಲೆಗೆ ತಾಗಬಾರದು. ಬೆಳಿಗ್ಗೆ ತೆಗೆಯೋದು ಮರೀಬೇಡಿ.

ಪ್ರಶ್ನೆ ಕೇಳಿದವರು: ಸರಿ, ಇವತ್ತೇ ಅಕ್ಕನಿಗೆ ಫೋನ್ ಮಾಡುತ್ತೇನೆ. ಸೀರೆಗೇನೂ ಬರವಿಲ್ಲ ಅಲ್ಲಿ.