ಮಳೆಗಾಲಕ್ಕೆ ಮುನ್ನ ಹಳೆಯ ಹೆಂಚಿನ ಮನೆ: 30,000 ರೂಪಾಯಿಯಲ್ಲಿ ಯಾವ ಕೆಲಸ ಮೊದಲು?

ಪ್ರಶ್ನೆ – ‘ಹೊಸನಗರದ ಮನೆ’

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿ ನಮ್ಮದೊಂದು ಹಳೆಯ ಮನೆಯಿದೆ. ಗೋಡೆಗಳು ಮಣ್ಣಿನವು, ಮಾಡಿಗೆ ಮಂಗಳೂರು ಹೆಂಚು, ಪಡುವಣಕ್ಕೆ ತೆರೆದ ಅಂಗಳ, ಹಿಂಬದಿಯಲ್ಲಿ ಗುಡ್ಡ ಕಡಿದು ಮಾಡಿದ ಧರೆ. ಅಲ್ಲಿ ಈಗ ತಾಯಿಯವರು ಮತ್ತು ಅಜ್ಜಿ ಇಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿರುವುದರಿಂದ ಮೇ ತಿಂಗಳಲ್ಲಿ ಒಂದು ವಾರ ಮಾತ್ರ ಊರಿನಲ್ಲಿ ನಿಂತು ಕೆಲಸ ಮಾಡಿಸಬಲ್ಲೆ. ರೋಹಿಣಿ ಮಳೆ ಹಿಡಿಯುವುದರೊಳಗೆ ಮುಖ್ಯವಾದದ್ದೆಲ್ಲ ಮುಗಿದಿರಬೇಕು.

ಕಳೆದ ಮಳೆಗಾಲದಲ್ಲಿ ಅಡಿಗೆಮನೆಯ ಮಾಡು ಮತ್ತು ಜಗಲಿಯ ಮಾಡು ಕೂಡುವ ಮೂಲೆಯಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಪಡುವಣ ಗೋಡೆಯ ಬುಡದಲ್ಲಿ ಸೊಂಟದೆತ್ತರ ತೇವವೇರಿ ಗಾರೆ ಉದುರಿತು. ನಡುಮನೆಯ ಕಪಾಟಿನಲ್ಲಿದ್ದ ಬಟ್ಟೆಗಳಿಗೆಲ್ಲ ಬೂಷ್ಟು ಹಿಡಿಯಿತು. ಈ ವರ್ಷ ನಾನು ಹೊಂದಿಸಬಲ್ಲ ಹಣ 30,000 ರೂಪಾಯಿ. ಹೆಂಚಿನ ಮೇಲೆ ಟಾರ್ಪಾಲ್ ಹೊದಿಸಿದರೆ ಸಾಕೆಂದು ಒಬ್ಬರು, ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿ ನೀರು ತಡೆಯುವ ಬಣ್ಣ ಹೊಡೆಸಬೇಕೆಂದು ಇನ್ನೊಬ್ಬರು, ಸಾಲ ಮಾಡಿಯಾದರೂ ಹೆಂಚು ಇಳಿಸಿ ತಗಡಿನ ಶೀಟು ಹಾಕಿಸುವುದೇ ಜಾಣತನವೆಂದು ಮತ್ತೊಬ್ಬರು ಹೇಳುತ್ತಿದ್ದಾರೆ. ತಾಯಿಯವರಿಗೆ ಹೆಂಚು ತೆಗೆಸುವ ಮನಸ್ಸಿಲ್ಲ. ಇಂಥ ಮನೆಗಳಲ್ಲಿ ಬದುಕಿ ತಿಳಿದವರು ಯಾವುದನ್ನು ಮೊದಲು ಮಾಡಿಸಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡಬಹುದು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ‘ಹಳೆಮಾಡು, ಸಾಗರ’

ತಮ್ಮ ತಾಯಿಯವರ ಮಾತೇ ಸರಿ. ಹೆಂಚನ್ನು ಇಳಿಸಬೇಡಿ. ಹಣದ ಅರ್ಧ ಭಾಗವನ್ನು ಮಾಡಿಗೆಂದು ತೆಗೆದಿಡಿ. ಆದರೆ ಇಡೀ ಮಾಡಿನ ಹೆಂಚು ಕೈಯಾಡಿಸಲು ಆ ಹಣ ಸಾಲುವುದಿಲ್ಲ, ಈ ವರ್ಷ ಅದರ ಅಗತ್ಯವೂ ಇರಲಾರದು. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ. 150 ಚದರ ಮೀಟರಿನ ಮಾಡೆಂದರೆ ಎರಡು ಸಾವಿರಕ್ಕೂ ಮಿಕ್ಕಿದ ಹೆಂಚುಗಳು. ಅಷ್ಟನ್ನೂ ಇಳಿಸಿ, ತೊಳೆದು, ಮತ್ತೆ ಹೊದಿಸುವ ಕೂಲಿಯೇ ತಮ್ಮ ಹಣವನ್ನು ಮೀರುತ್ತದೆ. ಸೋರುವುದು ಬೆರಳೆಣಿಕೆಯ ಜಾಗಗಳಲ್ಲಿ. ಅವನ್ನು ಹುಡುಕಿ ಸರಿಪಡಿಸಿದರೆ ಈ ಮಳೆಗಾಲ ಕಳೆಯುತ್ತದೆ.

ಹುಡುಕುವ ಕ್ರಮ ಹೀಗಿದೆ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಅಟ್ಟ ಹತ್ತಿ, ಕಿಟಕಿ ಬಾಗಿಲುಗಳನ್ನು ಮುಚ್ಚಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕುಳಿತುಕೊಳ್ಳಿ. ಒಡೆದ ಹೆಂಚು, ಜಾರಿದ ಹೆಂಚು, ಮಂಗಗಳು ಎತ್ತಿಹಾಕಿದ ಹೆಂಚು ಎಲ್ಲವೂ ಬೆಳಕಿನ ಚುಕ್ಕೆಗಳಾಗಿ ತಾವಾಗಿಯೇ ಕಾಣಿಸುತ್ತವೆ. ಅಲ್ಲಲ್ಲಿ ಸೀಮೆಸುಣ್ಣದಿಂದ ಪಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ಮೇಲೆ ಗುರುತು ಹಾಕಿ. ಬೆಳಕು ಕಾಣದೆಯೂ ನೀರು ಬರುವ ಜಾಗಗಳಿರುತ್ತವೆ. ಅಲ್ಲಿ ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಮೇಲೆ ಕಪ್ಪು ಕಲೆ ಹರಿದಿರುತ್ತದೆ. ಕಲೆಯ ಕೆಳತುದಿಯನ್ನು ನೋಡಿ ಮೋಸಹೋಗದೆ ಅದರ ಮೇಲ್ತುದಿಯನ್ನು ಹಿಡಿದು ನೋಡಬೇಕು, ಏಕೆಂದರೆ ನೀರು ಒಂದು ಕಡೆ ಒಳಹೊಕ್ಕು ಪಕಾಸಿನುದ್ದಕ್ಕೂ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಒಂದೆರಡು ಹೆಂಚನ್ನು ಬದಲಿಸಲು ಮಾಡಿನ ಮೇಲೆ ಹತ್ತಲೇಬೇಕೆಂದಿಲ್ಲ. ಕೈಗೆಟಕುವ ಕಡೆ ಮೇಲಿನ ಹೆಂಚನ್ನು ಒಳಗಿನಿಂದಲೇ ಸ್ವಲ್ಪ ಎತ್ತಿ, ಕೆಳಗಿನದನ್ನು ಎಳೆದುಕೊಂಡು, ಹೊಸದನ್ನು ಸೇರಿಸಬಹುದು. ಹತ್ತುವ ಕೆಲಸವನ್ನು ಅನುಭವವಿರುವವರಿಗೇ ಬಿಡಿ. ಹಾವಸೆ ಕಟ್ಟಿದ ಹೆಂಚು ಒಣಗಿದ್ದಾಗಲೂ ಕಾಲು ಜಾರಿಸುತ್ತದೆ.

ಹೊಸ ಹೆಂಚು ತರುವಾಗ ಒಂದು ಎಚ್ಚರಿಕೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಹತ್ತಾರು ಕಾರ್ಖಾನೆಗಳು ಹುಟ್ಟಿಕೊಂಡವು. ಎಲ್ಲವನ್ನೂ ಮಂಗಳೂರು ಹೆಂಚೆಂದೇ ಕರೆದರೂ ಒಂದರ ಅಂಚು ಇನ್ನೊಂದರ ಅಂಚಿನ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ತಮ್ಮ ಮಾಡಿನ ಒಂದು ಹೆಂಚನ್ನು ಮಾದರಿಗೆಂದು ಕೈಯಲ್ಲಿ ಹಿಡಿದೇ ಹೋಗಿ. ಅದರ ಬೆನ್ನಿನಲ್ಲಿ ಅಚ್ಚಾದ ಕಾರ್ಖಾನೆಯ ಹೆಸರಿನ ಹೆಂಚುಗಳೇ ಹಳೆಮನೆ ಕೆಡವಿದವರ ಬಳಿ ಅಗ್ಗವಾಗಿ ಸಿಗುವುದುಂಟು. ತೆಗೆದುಕೊಳ್ಳುವ ಮುನ್ನ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಹೆಂಚು ಕಣಕಣ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದು ದನಿ ಕೊಡುತ್ತದೆ. ಬೇಕಾದದ್ದಕ್ಕಿಂತ ಐವತ್ತು ಹೆಚ್ಚು ತಂದು ಅಟ್ಟದಲ್ಲಿ ಜೋಡಿಸಿಡಿ.

ಇನ್ನು ಆ ಮೂಲೆಯ ವಿಷಯ. ಎರಡು ಮಾಡು ಕೂಡುವ ಕಡೆ ಹೆಂಚು ಒಡೆದದ್ದಕ್ಕಿಂತ ಅಡಿಯಲ್ಲಿರುವ ತಗಡು ತೂತಾಗಿರುವುದೇ ಹೆಚ್ಚು. ಒಣಗಿದ ಎಲೆ, ಕಡ್ಡಿ, ಮಣ್ಣು ಅಲ್ಲಿ ಸೇರಿಕೊಂಡು ನೀರಿಗೆ ಅಡ್ಡಗಟ್ಟಿದರೆ ತಗಡು ಚೆನ್ನಾಗಿದ್ದರೂ ನೀರು ಉಕ್ಕಿ ಒಳಗೆ ಬರುತ್ತದೆ. ಮೊದಲು ಕಸ ತೆಗೆಸಿ ನೋಡಿ. ತುಕ್ಕು ಹಿಡಿದಿದ್ದರೆ ತಗಡನ್ನೇ ಬದಲಿಸಿ, ಎರಡೂ ಪಕ್ಕದ ಹೆಂಚಿನಡಿಗೆ ಒಂದೊಂದು ಗೇಣಾದರೂ ಹೋಗುವಷ್ಟು ಅಗಲವಾದದ್ದನ್ನು ಹಾಕಿಸಿ. ಡಾಂಬರು, ಅಂಟು, ಸಿಮೆಂಟು ಮೆತ್ತುವ ತೇಪೆ ಕೆಲಸಕ್ಕೆ ಹಣ ಕೊಡಬೇಡಿ. ಅದು ಆರಿದ್ರಾ ಮಳೆಯ ತನಕವೂ ನಿಲ್ಲುವುದಿಲ್ಲ.

ಉತ್ತರ – ‘ತೋಟದಂಚು, ಸಿದ್ದಾಪುರ’

ಸಾಗರದವರು ಮಾಡಿನ ವಿಷಯ ಹೇಳಿದ್ದಾರೆ. ಮಾಡಿನಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು. ನಮ್ಮ ಕಡೆ ಪುಷ್ಯ, ಆಶ್ಲೇಷ ಮಳೆಯಲ್ಲಿ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಅಪರೂಪವಲ್ಲ. ಹಾಗೆ ಸುರಿದ ದಿನ 150 ಚದರ ಮೀಟರಿನ ಮಾಡಿನಿಂದ ಹದಿನೈದು ಸಾವಿರ ಲೀಟರ್ ನೀರು ಗೋಡೆಯ ಪಕ್ಕದಲ್ಲೇ ನೆಲಕ್ಕೆ ಬೀಳುತ್ತದೆ. ಪಡುವಣ ಗೋಡೆಯ ಬುಡ ನೆನೆಯುವುದಕ್ಕೆ ಮುಖ್ಯ ಕಾರಣ ಇದೇ ಇರಬೇಕು.

ಮೇ ತಿಂಗಳಲ್ಲಿ ಬಂದಾಗ ಇಬ್ಬರು ಆಳುಗಳನ್ನು ಕರೆದು ಮನೆಯ ಸುತ್ತಲಿನ ಅಗಳವನ್ನು (ನೀರು ಹರಿದುಹೋಗುವ ಚರಂಡಿಯನ್ನು) ತೆರೆಸಿ. ವರ್ಷವರ್ಷವೂ ಮಣ್ಣು ಕೂತು ಅಂಗಳದ ಮಟ್ಟ ಏರಿರುತ್ತದೆ. ಗೋಡೆಯಿಂದ ಹೊರಕ್ಕೆ ಹತ್ತು ಅಡಿಗೆ ಅರ್ಧ ಅಡಿಯಷ್ಟಾದರೂ ಇಳಿಜಾರು ಸಿಗುವಂತೆ ಕೆತ್ತಿಸಬೇಕು. ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ಜಲ್ಲಿಯನ್ನೋ ಒಡೆದ ಹೆಂಚಿನ ಚೂರನ್ನೋ ಹರಡಿದರೆ ಮಣ್ಣು ಸಿಡಿದು ಗೋಡೆಗೆ ರಾಚುವುದು ನಿಲ್ಲುತ್ತದೆ. ಕೂಲಿ ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ.

ಪಡುವಣ ದಿಕ್ಕಿನ ಎರಚಲಿಗೆ ನಮ್ಮ ಹಿರಿಯರು ಅಡಿಕೆ ಸೋಗೆಯ (ಒಣಗಿದ ಗರಿಯ) ತಟ್ಟಿ ಕಟ್ಟುತ್ತಿದ್ದರು, ನಮ್ಮ ಮನೆಯಲ್ಲಿ ಈಗಲೂ ಕಟ್ಟುತ್ತೇವೆ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿಯ) ಚೌಕಟ್ಟಿಗೆ ಸೋಗೆಯನ್ನು ತಲೆಕೆಳಗಾಗಿ ಒತ್ತಾಗಿ ಹೆಣೆದು ಜಗಲಿಯ ಕಂಬಗಳಿಗೆ ಬಿಗಿದರೆ ನಾಲ್ಕು ತಿಂಗಳು ಬಾಳುತ್ತದೆ, ಗಾಳಿಯೂ ಸ್ವಲ್ಪ ಆಡುತ್ತದೆ. ಸೋಗೆ ಸಿಗದಿದ್ದರೆ ಪ್ಲಾಸ್ಟಿಕ್ ಹಾಳೆ ಕಟ್ಟಬಹುದು, ಆದರೆ ಗೋಡೆಗೆ ಅಂಟಿಸದೆ ಒಂದು ಗೇಣು ದೂರ ಬಿಟ್ಟೇ ಕಟ್ಟಬೇಕು.

ಮರುಪ್ರಶ್ನೆ – ‘ಹೊಸನಗರದ ಮನೆ’

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಜೆಪ್ಪುವಿನ ಮಾತು ಓದಿ ತಾಯಿಯವರಿಗೆ ಫೋನ್ ಮಾಡಿ ಹೆಂಚಿನ ಬೆನ್ನು ನೋಡಿಸಿದೆ; ಹೆಸರು ಇನ್ನೂ ಸ್ಪಷ್ಟವಾಗಿ ಓದಲು ಬರುತ್ತದೆಯಂತೆ. ಒಂದು ಸಂದೇಹ ಉಳಿದಿದೆ. ಗೋಡೆಯ ಉದುರಿದ ಭಾಗವನ್ನು ಹಾಗೆಯೇ ಬಿಡಲು ಧೈರ್ಯ ಬರುತ್ತಿಲ್ಲ. ಅಲ್ಲಿಗಷ್ಟೇ ಸಿಮೆಂಟ್ ಗಾರೆ ಹಾಕಿಸಿದರೆ ತಪ್ಪೇನು? ಹೆಂಚಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿಸುವುದು ಟಾರ್ಪಾಲಿಗಿಂತ ಉತ್ತಮವೇ?

ಉತ್ತರ – ‘ಕಟ್ಟಡದವರು, ಶಿವಮೊಗ್ಗ’

ಮಣ್ಣಿನ ಗೋಡೆ ತೇವವನ್ನು ಹೀರಿಕೊಂಡು ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ. ಅದು ಇಷ್ಟು ವರ್ಷ ಉಳಿದಿರುವುದು ಹಾಗೆ ಒಣಗಲು ಅವಕಾಶವಿದ್ದುದರಿಂದ. ಸಿಮೆಂಟ್ ಗಾರೆ ಮಣ್ಣಿಗಿಂತ ಗಡಸು, ಆವಿಯನ್ನು ಸುಲಭವಾಗಿ ಹೊರಬಿಡುವುದಿಲ್ಲ. ಸಣ್ಣ ಬಿರುಕಿನಿಂದಲೋ ಬುಡದಿಂದಲೋ ಹೊಕ್ಕ ನೀರು ಗಾರೆಯ ಹಿಂದೆ ಸಿಕ್ಕಿಕೊಂಡು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಒಳಗೆ ಕರಗುತ್ತಿರುತ್ತದೆ, ಒಂದು ದಿನ ಗಾರೆ ಹಲಗೆಯಂತೆ ಕಳಚಿ ಬೀಳುತ್ತದೆ. ನೀರು ತಡೆಯುವ ಬಣ್ಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಉದುರಿದ ಭಾಗವನ್ನು ಕೆರೆದು, ಜರಡಿ ಹಿಡಿದ ಕೆಮ್ಮಣ್ಣಿಗೆ ಮರಳು ಮತ್ತು ಕತ್ತರಿಸಿದ ಹುಲ್ಲು ಬೆರೆಸಿ ಕೊಳೆಹಾಕಿ, ತೆಳುವಾಗಿ ಎರಡು ಮೂರು ಪದರ ಮೆತ್ತಿಸಿ. ಪ್ರತಿ ಪದರವೂ ಒಣಗಿದ ಮೇಲೆಯೇ ಮುಂದಿನದು. ಕೊನೆಗೆ ಸುಣ್ಣ ಬಳಿಸಿ. ಈ ಕೆಲಸ ಬಲ್ಲ ಹಿರಿಯರು ತಮ್ಮ ಊರಿನಲ್ಲಿ ಇನ್ನೂ ಇದ್ದಾರೆಯೇ ಎಂದು ತಾಯಿಯವರನ್ನೇ ಕೇಳಿ. ಮೇ ಬಿಸಿಲು ಬಿಟ್ಟರೆ ಇದು ಒಣಗಲು ಬೇರೆ ಕಾಲವಿಲ್ಲ, ಆದ್ದರಿಂದ ವಾರದ ಮೊದಲ ದಿನವೇ ಪ್ರಾರಂಭಿಸಿ.

ಹೆಂಚಿನಡಿಯ ಪ್ಲಾಸ್ಟಿಕ್ಕಿನ ಬಗ್ಗೆ ನನ್ನ ಅಭಿಪ್ರಾಯ ಬೇಡವೆಂದೇ. ಅಡಿಗೆ ಒಲೆಯಿಂದಲೂ ಬಚ್ಚಲಿನಿಂದಲೂ ಏಳುವ ಆವಿ ಹಾಳೆಗೆ ತಗುಲಿ ಹನಿಗಟ್ಟುತ್ತದೆ. ಮೇಲೆ ಸೋರಿದ ನೀರು ಹಾಳೆಯ ಮಡಿಕೆಯಲ್ಲಿ ನಿಲ್ಲುತ್ತದೆ. ಎರಡೂ ಸೇರಿ ರೀಪು ಕೊಳೆಯುತ್ತದೆ, ಎಲ್ಲಿ ಸೋರಿತೆಂಬುದೂ ಕಾಣದಾಗುತ್ತದೆ. ಟಾರ್ಪಾಲನ್ನು ಮಾತ್ರ ಒಂದು ಕೊಂಡು ಮನೆಯಲ್ಲಿಡಿ. ಮಳೆಗಾಲದ ನಡುವೆ ಮರದ ಕೊಂಬೆ ಬಿದ್ದು ಹೆಂಚು ಒಡೆದರೆ ಆ ಜಾಗಕ್ಕೆ ತಾತ್ಕಾಲಿಕವಾಗಿ ಹೊದಿಸಲು ಅದು ಬೇಕು.

ಶೀಟಿನ ಮಾತಿಗೆ ಬಂದರೆ, ಪಕಾಸುಗಳೇ ಗೆದ್ದಲು ತಿಂದು ಹೋಗಿದ್ದರೆ ನಾನೂ ಅದನ್ನು ಪರಿಗಣಿಸಲು ಹೇಳುತ್ತಿದ್ದೆ. ಹಾಗಾಗಿಲ್ಲವಾದರೆ ಸಾಲದ ಹೊರೆ ಬೇಡ. ಪಕಾಸಿನ ತುದಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಆ ಪಕಾಸಿಗೆ ಪಕ್ಕದಲ್ಲಿ ಇನ್ನೊಂದು ಮರ ಜೋಡಿಸಿ ಬಿಗಿಸಬೇಕು. ಗಟ್ಟಿಯಿದ್ದವಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸಿದರೆ ಸಾಕು. ಅದು ಮೈಗೆ ತಾಗಿದರೆ ಸುಡುತ್ತದೆ, ಬಳಿಯುವವರು ಕೈಗವಸು ಹಾಕಿಕೊಳ್ಳಲೇಬೇಕು.

ಉತ್ತರ – ‘ತೀರ್ಥಹಳ್ಳಿ’

ಎಲ್ಲರೂ ಮನೆಯ ಬಗ್ಗೆ ಹೇಳಿದ್ದಾರೆ, ಮನೆಯೊಳಗಿರುವ ಇಬ್ಬರು ಹಿರಿಯರ ಬಗ್ಗೆ ನಾನು ನಾಲ್ಕು ಮಾತು ಸೇರಿಸುತ್ತೇನೆ. ನೆನೆದ ಮಣ್ಣುಗೋಡೆಯ ಮೇಲೆ ಹಳೆಯ ವೈರಿಂಗ್ ಇದ್ದರೆ ಸೋರಿಕೆಗಿಂತ ಅದೇ ದೊಡ್ಡ ಅಪಾಯ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿಯೇ ಕಡಿಯುವ ಸ್ವಿಚ್) ಒಂದನ್ನು ಮುಖ್ಯ ಬೋರ್ಡಿಗೆ ಹಾಕಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ. ಈ ಖರ್ಚನ್ನು ಉಳಿಸಲು ಹೋಗಬೇಡಿ. ಅದರಲ್ಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದನ್ನು ತಾಯಿಯವರಿಗೆ ತೋರಿಸಿಕೊಡಿ. ತಂತಿಯ ಮೇಲೆ ವಾಲಿದ ಮರವಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂನ ಶಾಖೆಗೆ ಈಗಲೇ ತಿಳಿಸಿ. ಮಳೆಯಲ್ಲಿ ತಂತಿ ಹರಿದು ಬಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕೆಂದು ಅಜ್ಜಿಯವರಿಗೂ ಹೇಳಿಡಿ.

ಬೂಷ್ಟಿಗೆ ಔಷಧಿ ಕೊಳ್ಳುವ ಮೊದಲು ಕಪಾಟನ್ನು ಪಡುವಣ ಗೋಡೆಯಿಂದ ಕಿತ್ತು ಒಳಗೋಡೆಗೆ ಸರಿಸಿ, ಹಿಂದೆ ಅಂಗೈಯಗಲ ಜಾಗ ಬಿಡಿ. ಒದ್ದೆ ಬಟ್ಟೆಯನ್ನು ನಡುಮನೆಯಲ್ಲಿ ಹರವದೆ ಬಚ್ಚಲೊಲೆಯ ಮೇಲಿನ ಗಳದಲ್ಲಿ ಹಾಕುವುದು ಒಳ್ಳೆಯದು. ಮಳೆ ಹೊಳವಾದ ಹೊತ್ತಿನಲ್ಲಿ ಕಿಟಕಿಗಳನ್ನು ತೆರೆದಿಡಲಿ. ಕಟ್ಟಿಗೆಯನ್ನು ಸೀಳಿಸಿ, ಇಬ್ಬರೂ ಅಂಗಳಕ್ಕಿಳಿಯದೆ ಎತ್ತಿಕೊಳ್ಳುವಂತೆ ಬಚ್ಚಲಿನ ಪಕ್ಕದಲ್ಲೇ ಪೇರಿಸಿಕೊಡಿ. ಹಾವಸೆ ಕಟ್ಟಿದ ಅಂಗಳದಲ್ಲಿ ಬಾವಿಯವರೆಗೆ ನಡೆಯಲು ಅಡಿಕೆ ದಬ್ಬೆ ಹಾಸಿಸುವುದನ್ನೂ ಮರೆಯಬೇಡಿ. ಐದು ಸಾವಿರ ರೂಪಾಯಿಯನ್ನು ಖರ್ಚು ಮಾಡದೆ ತಾಯಿಯವರ ಕೈಯಲ್ಲಿ ಬಿಟ್ಟುಬನ್ನಿ, ಏಕೆಂದರೆ ಉಳಿದ ಸೋರಿಕೆಗಳು ಮೊದಲ ದೊಡ್ಡ ಮಳೆಯಲ್ಲಿಯೇ ಗೊತ್ತಾಗುವುದು.

ಧರೆಯ ವಿಷಯವನ್ನು ತಾವು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಅದೇ ಹೆಚ್ಚು ಕಳವಳ ತರುತ್ತಿದೆ. ಧರೆಯ ನೆತ್ತಿಯಲ್ಲಿ ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ ಇರಬೇಕು. ಇದ್ದರೆ ಸ್ವಚ್ಛ ಮಾಡಿಸಿ, ಇಲ್ಲದಿದ್ದರೆ ಅಗಳ ತೆರೆಯುವ ಆಳುಗಳಿಂದಲೇ ಮೊದಲು ಅದನ್ನು ತೋಡಿಸಿ. ಧರೆಯ ಬುಡವನ್ನು ಇನ್ನಷ್ಟು ಕೆತ್ತಿಸಬೇಡಿ. ನೆತ್ತಿಯ ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ವಾಲಿದರೆ ಅಥವಾ ಬುಡದಲ್ಲಿ ಇದ್ದಕ್ಕಿದ್ದಂತೆ ಕೆಸರು ನೀರು ಒಸರತೊಡಗಿದರೆ ಆ ರಾತ್ರಿ ಅವರು ಆ ಮನೆಯಲ್ಲಿ ಮಲಗಬಾರದು. ಆಗ ಯಾರ ಮನೆಗೆ ಹೋಗಬೇಕು, ಯಾರು ಬಂದು ಕರೆದೊಯ್ಯಬೇಕು ಎಂಬುದನ್ನು ತಾವು ಊರಿನಲ್ಲಿರುವ ವಾರದಲ್ಲಿಯೇ ನೆರೆಮನೆಯವರೊಂದಿಗೆ ಕುಳಿತು ಮಾತಾಡಿ ಗೊತ್ತುಮಾಡಿ ಬನ್ನಿ.