ಕೊಂಬು ದೊಡ್ಡದಾಗಬೇಕಾದರೆ ಸ್ಪೈಕ್ ಗಂಡು ಜಿಂಕೆಗಳನ್ನು ಹೊಡೆಯಲೇಬೇಕಾ? (ಟೆಕ್ಸಸ್ ಹಿಲ್ ಕಂಟ್ರಿ)

ಆಸ್ಟಿನ್_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಲಾನೋ ಹತ್ತಿರ ಇಬ್ಬರು ಗೆಳೆಯರ ಜೊತೆ ಸೇರಿ 150 ಎಕರೆ ತಗೊಂಡಿದ್ದೇವೆ. ವೈಟ್‌ಟೇಲ್ ಜಿಂಕೆಗೇನೂ ಬರ ಇಲ್ಲ, ಸಂಜೆ ಫೀಡರ್ (ಮೇವು ಹಾಕುವ ಡಬ್ಬಿ) ಹತ್ತಿರ ಹಿಂಡು ಹಿಂಡಾಗಿ ಬರುತ್ತವೆ. ಆದರೆ ಕವಲೇ ಒಡೆಯದ ಸ್ಪೈಕ್‌ಗಳೇ ಜಾಸ್ತಿ, ದೊಡ್ಡವು ಅನ್ನಿಸಿಕೊಂಡವಕ್ಕೂ ಕೊಂಬು ಕಡ್ಡಿ ಥರ. ಇವುಗಳ ತಳಿಯೇ ಸರಿ ಇಲ್ಲ, ಈ ಸೀಸನ್‌ನಲ್ಲಿ ಸ್ಪೈಕ್ ಎಲ್ಲ ತೆಗೆದುಬಿಡೋಣ ಅಂತ ಪಾರ್ಟ್ನರ್ ಹಟ ಹಿಡಿದಿದ್ದಾನೆ. ಮೆಕ್ಕೆಜೋಳ ಧಾರಾಳವಾಗಿ ಹಾಕುತ್ತಿದ್ದೇವೆ. ಇನ್ನೇನು ಮಾಡಬೇಕು? (ಬೇಟೆ ಪಾಪ ಅಂತ ಬೈಯುವವರು ದಯವಿಟ್ಟು ಬೇರೆ ಥ್ರೆಡ್ ತೆರೆಯಿರಿ.)

ಕೆರ್‌ವಿಲ್_ರೈತ:
ಮೆಕ್ಕೆಜೋಳ ಜಿಂಕೆಯನ್ನು ಫೀಡರ್‌ಗೆ ಕರೆಯೋಕೆ ಸಾಕು, ಕೊಂಬಿಗೆ ಸಾಲದು. ಅದರಲ್ಲಿ ಪ್ರೋಟೀನ್ ಶೇ. 8-9 ಅಷ್ಟೇ. ಕೊಂಬು ಬೆಳೆಯುವುದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಆಗ ಶೇ. 16ಕ್ಕಿಂತ ಮೇಲಿನ ಆಹಾರ ಬೇಕು. ಹಾಗಂತ ಚೀಲಗಟ್ಟಲೆ ಪ್ರೋಟೀನ್ ಪೆಲೆಟ್ (ಉಂಡೆ ಮೇವು) ಸುರಿಯುವ ಮುಂಚೆ ನಿಮ್ಮ ಗಿಡಗಳನ್ನು ಒಮ್ಮೆ ನೋಡಿ. ಜಿಂಕೆಯ ಬಾಯಿಗೆ ಎಟುಕುವಷ್ಟು ಎತ್ತರದವರೆಗೆ ಎಲೆಯೆಲ್ಲ ಬೋಳಾಗಿದ್ದರೆ ಹಿಂಡು ಜಾಸ್ತಿಯಾಗಿದೆ ಅಂತಲೇ ಅರ್ಥ. ಹೆಣ್ಣುಗಳನ್ನು ಕಡಿಮೆ ಮಾಡದೆ ಎಷ್ಟು ಮೇವು ಹಾಕಿದರೂ ದುಡ್ಡು ದಂಡ.

ಇನ್ನು ವಯಸ್ಸು. ಗಂಡಿನ ಕೊಂಬು ಪೂರ್ತಿ ಗಾತ್ರಕ್ಕೆ ಬರುವುದೇ 5ರಿಂದ 7ನೇ ವರ್ಷದಲ್ಲಿ. ನೀವು ಎರಡು ವರ್ಷದವನ್ನೇ ಹೊಡೆಯುತ್ತಾ ಬಂದರೆ ದೊಡ್ಡ ಕೊಂಬು ಎಲ್ಲಿಂದ ಬರಬೇಕು? ಹೊಡೆದ ಪ್ರತಿಯೊಂದರ ದವಡೆ ಎತ್ತಿಡಿ, ಊರಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಇಲ್ಲೂ ಹಲ್ಲಿನ ಸವೆತ ನೋಡಿಯೇ ವಯಸ್ಸು ಅಂದಾಜು ಮಾಡುವುದು.

ಹಾಸನದವನು_ಸ್ಯಾನ್_ಆಂಟೋನಿಯೊ:
ನಿಮ್ಮ ಪಾರ್ಟ್ನರ್ ಮಾತು ಪೂರ್ತಿ ಸುಳ್ಳಲ್ಲ. ಕೆರ್ ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾ ಅನ್ನುವ ಸರ್ಕಾರಿ ಸಂಶೋಧನಾ ಜಾಗದಲ್ಲಿ ಬೇಲಿಯೊಳಗೆ ಸಾಕಿ ನೋಡಿದ್ದಾರೆ. ಮೊದಲ ವರ್ಷ ಸ್ಪೈಕ್ ಆಗಿದ್ದವು ಮುಂದೆಯೂ ಸರಾಸರಿಯಲ್ಲಿ ಚಿಕ್ಕ ಕೊಂಬೇ ಬಿಟ್ಟವು.

ಕೆರ್‌ವಿಲ್_ರೈತ:
ಅದು ಬೇಲಿಯೊಳಗಿನ ಮಾತು ಸ್ವಾಮಿ. ದಕ್ಷಿಣ ಟೆಕ್ಸಸ್‌ನ ಕಮಾಂಚಿ ರಾಂಚ್‌ನಲ್ಲಿ ಬಯಲಲ್ಲೇ ವರ್ಷಗಟ್ಟಲೆ ಆರಿಸಿ ಆರಿಸಿ ತೆಗೆದರು, ಕೊಂಬಿನ ತಳಿ ಸುಧಾರಿಸಲಿಲ್ಲ. ಯಾಕೆ ಸುಧಾರಿಸಬೇಕು ಹೇಳಿ? ಅರ್ಧ ಗುಣ ತಾಯಿಯದು, ತಾಯಿಗೆ ಕೊಂಬೇ ಇಲ್ಲ. ಯಾವ ಹೆಣ್ಣನ್ನು ಉಳಿಸಬೇಕು ಅಂತ ನೋಡಿ ಹೇಳೋಕಾಗುತ್ತಾ? ತಡವಾಗಿ ಹುಟ್ಟಿದ ಮರಿ, ಬರಗಾಲದ ಮರಿ, ಇವು ಕೂಡ ಸ್ಪೈಕ್ ಆಗುತ್ತವೆ.

ಬಂಡೀಪುರ_ಬಿಟ್ಟವನು:
ನಿಮ್ಮಲ್ಲಿ ಆಕ್ಸಿಸ್ ಇದೆಯಾ? ನಮ್ಮ ಚುಕ್ಕಿ ಜಿಂಕೆನೇ, 1932ರಲ್ಲಿ ಟೆಕ್ಸಸ್‌ಗೆ ತಂದು ಬಿಟ್ಟಿದ್ದು. ಊರಲ್ಲಿ ಅದನ್ನು ಮುಟ್ಟಿದರೆ ಜೈಲು, ಇಲ್ಲಿ ಲೈಸೆನ್ಸ್ ಇದ್ದರೆ ವರ್ಷಪೂರ್ತಿ ಹೊಡೆಯಬಹುದು, ಮಿತಿ ಇಲ್ಲ. ವೈಟ್‌ಟೇಲ್ ತಿನ್ನುವ ಸೊಪ್ಪನ್ನೇ ಅದೂ ತಿನ್ನುತ್ತದೆ, ಸೊಪ್ಪು ಮುಗಿದರೆ ಹುಲ್ಲು ತಿಂದು ಬದುಕುತ್ತದೆ, ವೈಟ್‌ಟೇಲ್‌ಗೆ ಬರೀ ಹುಲ್ಲು ಅರಗುವುದಿಲ್ಲ. ಇದ್ದರೆ ಮೊದಲು ಅದನ್ನು ಕಡಿಮೆ ಮಾಡಿ. ಮಾಂಸವೂ ರುಚಿ.

ಆಸ್ಟಿನ್_ಮಂಡ್ಯ:
ಆಕ್ಸಿಸ್ ಇವೆ! ಕ್ಯಾಮೆರಾದಲ್ಲಿ ಬಂದಿವೆ. ಆದರೆ ನಾವು ಹೊಡೆಯದೆ ಉಳಿಸಿದ ಗಂಡು ಜಿಂಕೆಯನ್ನು ಪಕ್ಕದ ಜಾಗದವರು ಹೊಡೆದುಬಿಟ್ಟರೆ? ನಮ್ಮದು ಗಿಡ್ಡ ಬೇಲಿ. ಹೊರಗಿನಿಂದ ಒಳ್ಳೆ ತಳಿಯ ಗಂಡು ತಂದು ಬಿಡೋಣ ಅಂತಲೂ ಯೋಚನೆ ಇತ್ತು.

ಕೆರ್‌ವಿಲ್_ರೈತ:
ಹೊಡೆದೇ ಹೊಡೆಯುತ್ತಾರೆ. ಒಂದು ಗಂಡು ಓಡಾಡುವ ಜಾಗವೇ 640 ಎಕರೆಗಿಂತ ಜಾಸ್ತಿ ಇರಬಹುದು, ನಿಮ್ಮ 150 ಅದಕ್ಕೆ ಅಂಗಳ ಅಷ್ಟೇ. ಪಕ್ಕದವರನ್ನು ಒಂದು ಊಟಕ್ಕೆ ಕರೆದು, ಎಳೆ ಗಂಡು ಬಿಡೋಣ, ಹೆಣ್ಣು ತೆಗೆಯೋಣ ಅಂತ ಒಪ್ಪಿಸಿ. ಇಲ್ಲಿ ಹೀಗೆ ಕೂಡಿ ನಡೆಸುವ ಸಂಘಗಳು ಬೇಕಾದಷ್ಟಿವೆ. ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಬಯಾಲಜಿಸ್ಟ್ ಪುಕ್ಕಟೆ ಬಂದು ಜಾಗ ನೋಡಿ ಎಷ್ಟು ತೆಗೆಯಬೇಕು ಹೇಳುತ್ತಾರೆ, ಈಗಲೇ ಫೋನ್ ಮಾಡಿ. ಹೊರಗಿನ ಜಿಂಕೆ ತರುವ ಯೋಚನೆ ಬಿಡಿ. 2015ರಲ್ಲಿ ಮೆಡೀನಾ ಕೌಂಟಿಯಲ್ಲಿ ಸಾಕಿದ ಜಿಂಕೆಗಳಲ್ಲೇ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಮಿದುಳು ಕೆಟ್ಟು ಜಿಂಕೆ ಸೊರಗಿ ಸಾಯುವ ಅಂಟುರೋಗ) ಸಿಕ್ಕಿತು. ಆ ರೋಗಕ್ಕೆ ಮದ್ದಿಲ್ಲ, ಒಮ್ಮೆ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಹೋಗಲ್ಲ.