ಪದ ಬೇಕು: 'ಸ್ಟ್ರೋಕ್‌'ಗೆ ಏನನ್ನೋಣ? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ.

ಕ್ಯಾಲಿಗ್ರಫಿ, ಅಂದರೆ ಅಕ್ಷರವನ್ನು ಚೆಂದವಾಗಿ ಬರೆಯುವ ಕಲೆ, ಕಲಿಯುವವರಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ದಿನಕ್ಕೊಂದು ಹಾಳೆ, ದಿನಕ್ಕೊಂದು ಸಾಧನ. ಒಂದು ದಿನ ಅಗಲ ನಿಬ್ಬು, ಮರುದಿನ ಕುಂಚ, ಆಮೇಲೆ ಜೊಂಡಿನ ಲೇಖನಿ, ಇನ್ನೊಂದು ದಿನ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿದ ಎರಡು ಪೆನ್ಸಿಲು. ನಾಳೆ ಬೆಳಗ್ಗೆ ಕಳಿಸಬೇಕು. ಎರಡು ಕಡೆ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಸ್ಟ್ರೋಕ್. 'ಗೆರೆ' ಅಂದರೆ ಸ್ಕೇಲಿಟ್ಟು ಎಳೆದದ್ದೂ ಗೆರೆಯೇ. ನನಗೆ ಬೇಕಿರುವುದು ನಿಬ್ಬು ಹಾಳೆಗೆ ತಾಗಿದಲ್ಲಿಂದ ಎತ್ತುವವರೆಗಿನ ಕೈಯ ಒಂದು ಓಟ. ದಪ್ಪ ಬರುವುದಕ್ಕೆ 'ಒತ್ತುಗೆರೆ' ಅಂತ ಹಾಕಿದೆ. ಆಮೇಲೆ 'ಕ್ಕ' ಬರೆಯುವ ಪುಟದಲ್ಲಿ "ಒತ್ತನ್ನು ಒತ್ತುಗೆರೆಯಿಂದ ಶುರುಮಾಡಿ" ಅಂತಾಯಿತು. ನನಗೇ ಅರ್ಥವಾಗಲಿಲ್ಲ.

ಎರಡನೆಯದು ಕೈಪಿಡಿಯ ಹೆಸರು. 'ಅಭ್ಯಾಸ' ಅಂದರೆ ಒಂದನ್ನೇ ಮತ್ತೆ ಮತ್ತೆ ಬರೆದ ಹಾಗೆ. 'ಪ್ರಯೋಗ' ಅಂದರೆ ಪ್ರಯೋಗಾಲಯದ ವಾಸನೆ. ದಿನಾ ಕೂತು ಏನೋ ಒಂದು ಮಾಡಿನೋಡುವುದಕ್ಕೆ ಪದ ಉಂಟೇ?

ಮರು:

ಸ್ಟ್ರೋಕ್‌ಗೆ ಪದ ಉಂಟು, ಮತ್ತು ಅದು ನಮ್ಮದೇ. 'ಬರೆ'. ನಾವು ಕ್ರಿಯಾಪದವಾಗಿ ದಿನಾ ಬಳಸುತ್ತೇವೆ, ಅದೇ ನಾಮಪದವೂ ಹೌದು. ಗೆರೆ ಅನ್ನುವುದೇ ಅದರ ಅರ್ಥ. ತಮಿಳಿನ 'ವರೈ' ನೋಡಿ, ಅಲ್ಲಿಯೂ ಗೆರೆ ಎಳೆಯುವುದೇ. ಇಂಥ ಬೇರು ಕೈಯಲ್ಲಿರುವಾಗ ಸ್ಟ್ರೋಕ್ ಯಾಕೆ, ನಿಬ್ಬು ಯಾಕೆ? 'ದಪ್ಪಬರೆ', 'ತೆಳುಬರೆ', ನಿಬ್ಬಿಗೆ 'ಮೊನೆ'. ಕ್ಯಾಲಿಗ್ರಫಿಗೆ 'ಅಂದಬರಹ'. ಮುಗಿಯಿತು.

ಮರು:

ಬರೆ ಬೇಡ. ಗಾಯದ ಮೇಲೆ ಬರೆ ಎಳೆದ ಹಾಗೆ ಅನ್ನುವ ಭಾಷೆ ನಮ್ಮದು. ಓದುವವರ ಕಣ್ಣಿಗೆ ಕಾಯಿಸಿದ ಕಬ್ಬಿಣವೇ ಬರುತ್ತದೆ. ಬೇರು ಸರಿ ಇದ್ದರೆ ಸಾಲದು.

ಕೇಳಿದವರಿಗೆ: 'ಒತ್ತುಗೆರೆ' ಪದವಾಗಿ ಮಾತ್ರ ಅಲ್ಲ, ಕೆಲಸವಾಗಿಯೂ ತಪ್ಪು. ಅಗಲ ನಿಬ್ಬಿನಲ್ಲಿ ದಪ್ಪ ಬರುವುದು ಒತ್ತಿದ್ದರಿಂದಲ್ಲ, ಹಿಡಿದ ಓರೆಯಿಂದ. 6 ಮಿಲಿಮೀಟರ್ ನಿಬ್ಬನ್ನು ಬರೆಯುವ ಸಾಲಿಗೆ 30 ಡಿಗ್ರಿ ಓರೆಯಾಗಿ ಹಿಡಿಯಿರಿ. ಅಡ್ಡಗೆರೆ 3 ಮಿಲಿಮೀಟರ್ ಬರುತ್ತದೆ, ಉದ್ದಗೆರೆ 5ಕ್ಕೂ ಜಾಸ್ತಿ. 45 ಡಿಗ್ರಿಗೆ ತಿರುಗಿಸಿದರೆ ಎರಡೂ ಒಂದೇ. ಇನ್ನು ಅದೇ 30ರಲ್ಲಿ 'ಠ'ದ ದುಂಡು ಸುತ್ತಿನೋಡಿ. ಗಡಿಯಾರದ 11 ಮತ್ತು 5ರ ಜಾಗದಲ್ಲಿ ಕೂದಲಿನಷ್ಟು ತೆಳ್ಳಗಾಗುತ್ತದೆ. ನಾನು ಇದೊಂದನ್ನೇ ಎಷ್ಟೋ ದಿನ ಬರೆದಿದ್ದೇನೆ, ಇವತ್ತಿಗೂ ಆ ಎರಡು ಜಾಗ ಬಂದಾಗ ಖುಷಿಯಾಗುತ್ತದೆ.

ಒತ್ತುವುದು ಚೂಪು ನಿಬ್ಬಿನಲ್ಲಿ. ಅದೂ ಕೆಳಗೆ ಇಳಿಯುವಾಗ ಮಾತ್ರ. ಆಗ ನಿಬ್ಬಿನ ನಡುವಿನ ಸೀಳು ಬಿಚ್ಚಿಕೊಂಡು ಮಸಿ ಅಗಲವಾಗಿ ಇಳಿಯುತ್ತದೆ. ಮೇಲೆ ಹೋಗುವಾಗ ಒತ್ತಿದರೆ ಮೊನೆ ಕಾಗದವನ್ನು ಕಚ್ಚಿ ಮಸಿ ಚಿಮ್ಮುತ್ತದೆ. ಹಾಗಾಗಿ ಅಲ್ಲಿ 'ಇಳಿಗೆರೆ', 'ಏರುಗೆರೆ' ಅನ್ನಿ. ದಪ್ಪ, ತೆಳು ಎರಡೂ ಅದರಲ್ಲೇ ಬಂತು. ಒತ್ತು ಅಂದರೆ ಒತ್ತಕ್ಷರ ಅಂತಲೇ ಉಳಿಯಲಿ.

ಹೆಸರಿಗೆ 'ತಿದ್ದು' ಇದೆಯಲ್ಲ. ಅಕ್ಷರ ತಿದ್ದುವುದು ಅಂತಲೇ ತಾನೇ ನಾವೆಲ್ಲ ಶುರುಮಾಡಿದ್ದು? ಅದರಲ್ಲಿ ಕಲಿಯುವುದೂ ಇದೆ, ಸರಿಮಾಡಿಕೊಳ್ಳುವುದೂ ಇದೆ. ಕೈ ಕುದುರುವುದು ಹಾಗೆಯೇ.

ಮರು:

ಬರೆಗೆ ಈ ಆಕ್ಷೇಪ ಹೊಸದಲ್ಲ. ಬಳಸುತ್ತಾ ಹೋದರೆ ಸುಟ್ಟ ಅರ್ಥ ಹಿಂದೆ ಸರಿಯುತ್ತದೆ. ನೀವು ಬಳಸುವುದಕ್ಕೇ ಬಿಡುವುದಿಲ್ಲ. ನಿಬ್ಬಿನ ಬಗ್ಗೆ ನೀವು ಮಾತೇ ಆಡಲಿಲ್ಲ, ಅಲ್ವಾ?

ಮರು:

ಆಡುತ್ತೇನೆ. ಪೆನ್ನು ಲ್ಯಾಟಿನ್ನಿನ ಹಕ್ಕಿಗರಿ. ಕಲಮು ಗ್ರೀಕಿನ ಜೊಂಡು, ಅರಬ್ಬಿ ದಾಟಿ ನಮಗೆ ಬಂತು. ಶಾಯಿ ಅನ್ನುವುದು ಪಾರಸಿಯ 'ಕಪ್ಪು', ಆದರೂ 'ಕೆಂಪು ಶಾಯಿ' ಅನ್ನುವಾಗ ಯಾರೂ ತಡವರಿಸುವುದಿಲ್ಲ. ಲೆಕ್ಕಣಿಕೆಯೂ ಸಂಸ್ಕೃತದಿಂದ ಬಂದು ತದ್ಭವವಾದದ್ದೇ. ಬರೆಯುವ ಸಾಮಾನು ಬಂದ ಕಡೆಯಿಂದ ಹೆಸರೂ ಬಂದಿದೆ. 'ನಿಬ್ಬು' ಅಂತ ಕೊನೆಗೆ ಉಕಾರ ಸೇರಿಸಿಕೊಂಡಾಗಲೇ ಅದು ಕನ್ನಡವಾಯಿತು. ಮೊನೆ ಅಂದರೆ ತುದಿ ಮಾತ್ರ. ಇಡೀ ಲೋಹದ ತುಂಡಿಗೆ ಆ ಮಾತು ಸಾಲುವುದಿಲ್ಲ.

ಮರು:

ಇಬ್ಬರಿಗೂ ವಂದನೆ ಸರ್. ಇಳಿಗೆರೆ, ಏರುಗೆರೆ ಹಾಕಿದೆ. ಇಡೀ ಓಟಕ್ಕೆ ಸುಮ್ನೆ 'ಗೆರೆ' ಅಂತಲೇ ಬಿಟ್ಟು, ಮೊದಲ ಪುಟದಲ್ಲಿ ಒಂದು ಸಾಲು ವಿವರಿಸಿದ್ದೇನೆ. ನಿಬ್ಬು ನಿಬ್ಬೇ. 'ಅಂದಬರಹ' ಇಷ್ಟವಾಯಿತು, ಅಡಿಬರಹದಲ್ಲಿ ತೆಗೆದುಕೊಂಡೆ. ಹೆಸರು 'ದಿನಕ್ಕೊಂದು ಹಾಳೆ ತಿದ್ದೋಣ'.

ಈಗ ಹೊಸ ತೊಡಕು. ನಿಬ್ಬು ಹಿಡಿಯುವ ಓರೆ ಬೇರೆ, ಅಕ್ಷರ ಬಲಕ್ಕೆ ಬಾಗುವುದು ಬೇರೆ. ಎರಡಕ್ಕೂ 'ಓರೆ' ಅಂತ ಬರೆದುಬಿಟ್ಟಿದ್ದೇನೆ. ಅಕ್ಷರದ್ದಕ್ಕೆ 'ವಾಲು' ಅನ್ನಬಹುದೇ? ರಾತ್ರಿಯೊಳಗೆ ಹೇಳಿ.